ಮೂರನೆಯ ಅಂಕಿ

ಬದಲಾಗಬೇಕಿದ್ದದ್ದು ಒಂದೇ ಸಾಲು. ಅದನ್ನು ಎಲ್ಬಿಯೊ ಪಾಸ್ತೊರಿನೊ ನಿನ್ನೆ ಸಂಜೆಯೇ ಬದಲಾಯಿಸಿದ್ದ. ಇದ್ದ ಸಂಖ್ಯೆಯ ಹಿಂದೆ ಎರಡು ಎಂಬ ಅಂಕಿಯನ್ನೂ ಗುಣಾಕಾರದ ಚಿಹ್ನೆಯನ್ನೂ ಸೇರಿಸಿದ್ದ, ಅಷ್ಟೇ. ಬೆಳಿಗ್ಗೆ ಬಂದು ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನು ಒಮ್ಮೆ ಓಡಿಸಿ, ಎರಡು ವಾಕ್ಯದ ಟಿಪ್ಪಣಿ ಬರೆದು, ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿ ಒಂಬತ್ತೂವರೆಗೆ ಕೈತೊಳೆದುಕೊಳ್ಳಬಹುದು ಎಂದುಕೊಂಡಿದ್ದ. ಈಗ ಹನ್ನೊಂದಾಗಿತ್ತು. ವಿಶ್ವವಿದ್ಯಾಲಯದ ನೌಕರರ ಮುಷ್ಕರದಿಂದಾಗಿ ಕಟ್ಟಡವನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ತಣ್ಣಗಿದ್ದವು, ಲಿಫ್ಟ್ ನಿಂತಿತ್ತು, ಮೊಂಟೆವಿಡಿಯೊದಲ್ಲಿ ಚಳಿಗಾಲವಾದ ಆಗಸ್ಟ್ ತಿಂಗಳ ತೇವದ ಚಳಿ ಕಿಟಕಿಯ ಸಂದಿಯಿಂದ ಒಳಗೆ ಬಂದು ಅವನ ಬೆರಳುಗಳ ಮೇಲೆ ಕೂತಿತ್ತು. ಇನ್ನೂರ ಹನ್ನೆರಡು ಪರೀಕ್ಷೆಗಳಲ್ಲಿ ಇನ್ನೂರ ಒಂಬತ್ತು ಪಾಸಾಗುತ್ತಿದ್ದವು. ಉಳಿದ ಮೂರು ಪಟ್ಟು ಹಿಡಿದು ಕೂತಿದ್ದವು. ಎರಡು ಗಂಟೆ ತಡಕಾಡಿದ ಮೇಲೆ ಕಾರಣ ತಿಳಿಯಿತು: ಕಳೆದ ತಿಂಗಳು ಬಂದ ಹೊಸ ಕಂಪ್ಯೂಟರಿಗೆ ಯಾರೋ ಊರಿನ ಭಾಷೆಯನ್ನೇ ಹೊಂದಿಸಿದ್ದರು, ಅದು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಿತ್ತು. ಅರ್ಧ ಎಂಬುದನ್ನು ಅದು ಸೊನ್ನೆ, ಅಲ್ಪವಿರಾಮ, ಐದು ಎಂದು ಬರೆಯುತ್ತಿತ್ತು. ಎಲ್ಬಿಯೊನ ಪ್ರೋಗ್ರಾಂ ಅಲ್ಪವಿರಾಮದವರೆಗೆ ಓದಿ, ಮುಂದಿನದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ, ಸೊನ್ನೆ ಎಂದು ತಿಳಿಯುತ್ತಿತ್ತು. ಅರ್ಧ ಹೀಗೆ ಇಲ್ಲವೇ ಆಗಿಬಿಡುತ್ತಿತ್ತು. ಅವನು ಮೇಜಿನ ಮೇಲೆ ಅಂಗೈ ಬಡಿದ. ನೋವಾಯಿತು.

"ಮೇಜು ಇಲಾಖೆಯದು ಮಾರಾಯ, ಕೈ ನಿನ್ನದು," ಎಂದಳು ನಿಬಿಯಾ ತೆಚೇರಾ ಬಾಗಿಲಲ್ಲಿ ನಿಂತು. ಇಪ್ಪತ್ತಾರು ವರ್ಷದಿಂದ ಅದೇ ಪ್ರಯೋಗಾಲಯದ ಸಹಾಯಕಿ, ನೌಕರರ ಸಂಘದ ಸದಸ್ಯೆ. ಕಂಕುಳಲ್ಲಿ ಥರ್ಮಾಸ್, ಕೈಯಲ್ಲಿ ಚಹಾದಂತೆ ಕೊಳವೆಯಿಂದ ಹೀರುವ ಮಾಟೆ ಎಲೆ ತುಂಬಿದ ಸೋರೆಬುರುಡೆ, ತಲೆಗೆ ಉಣ್ಣೆಯ ಟೋಪಿ.

"ಮುಷ್ಕರದ ದಿನ ಬಂದಿದೀಯಲ್ಲ?"

"ಮುಷ್ಕರ ಮಾಡೋಕೇ ಬಂದಿದೀನಿ. ಮನೇಲಿ ಕೂತು ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ?" ಬಿಸಿನೀರು ಬಗ್ಗಿಸಿ ಬುರುಡೆಯನ್ನು ಅವನ ಕಡೆ ಚಾಚಿದಳು. "ಕುಡಿ. ಮುಖ ನೋಡಿದ್ರೆ ಪೆನಾಲ್ಟಿಯಲ್ಲಿ ಸೋತವನ ಹಾಗಿದೀಯ. ಸಣ್ಣ ಕೆಲಸ ಅಂದಿದ್ದೆಯಲ್ಲ ನಿನ್ನೆ?"

"ಸಣ್ಣದೇ."

"ನಿನ್ನ ಸಣ್ಣದು ಯಾವಾಗ್ಲೂ ಹೀಗೇ," ಎಂದು ಅವಳು ಖಾಲಿ ಬುರುಡೆ ವಾಪಸ್ ತೆಗೆದುಕೊಂಡು ಹೋದಳು. ಕಾರಿಡಾರಿನ ಉದ್ದಕ್ಕೂ ಅವಳ ರಬ್ಬರ್ ಚಪ್ಪಲಿಯ ಸದ್ದು ಕೇಳುತ್ತಿತ್ತು.

ಸಣ್ಣದೇ. ಹಾಗೆಂದು ಅವನು ಟಿಪ್ಪಣಿಯಲ್ಲೂ ಬರೆದಿದ್ದ. ಪರದೆಯ ಮೇಲೆ ಅದು ಅರ್ಧಕ್ಕೆ ನಿಂತಿತ್ತು: 'ಮೆದನೊ, ಆವೃತ್ತಿ 4.1.3. ಸಣ್ಣ ತಿದ್ದುಪಡಿ.' ಮೆದನೊ ಎಂದರೆ ಮರಳದಿಬ್ಬ. ಹದಿಮೂರು ವರ್ಷದ ಹಿಂದೆ ರೋಚಾ ಜಿಲ್ಲೆಯ ಸಮುದ್ರತೀರದ ಮರಳದಿಬ್ಬಗಳಲ್ಲಿ ಬಿಲ ತೋಡಿ ಬದುಕುವ ತುಕೊತುಕೊಗಳಿಗಾಗಿ ಅವನು ಬರೆದ ಪ್ರೋಗ್ರಾಂ ಅದು. ಪ್ರಾಣಿಗಳ ಒಂದು ಗುಂಪನ್ನು ಕಂಪ್ಯೂಟರಿನೊಳಗೆ ತಲೆಮಾರಿನಿಂದ ತಲೆಮಾರಿಗೆ ನಡೆಸಿ, ಅವುಗಳ ವಂಶವಾಹಿಗಳಲ್ಲಿರುವ ವೈವಿಧ್ಯ ಎಷ್ಟು ಬೇಗ ಕರಗುತ್ತದೆ ಎಂದು ಅದು ಲೆಕ್ಕ ಹಾಕುತ್ತಿತ್ತು. ತುಕೊತುಕೊ ಹೆಗ್ಗಣದಷ್ಟಿನ ಪ್ರಾಣಿ, ಕಣ್ಣಿಗೆ ಬೀಳುವುದೇ ಇಲ್ಲ. ಮರಳಿನ ಮೇಲೆ ಕಿವಿಯಿಟ್ಟರೆ ಕೆಳಗಿನಿಂದ ತುಕ್ ತುಕ್ ಎಂದು ಯಾರೋ ಬಾಗಿಲು ಬಡಿದಂತೆ ಕೇಳುತ್ತದೆ. ಆ ದಿಬ್ಬದ ನಡುವೆ ರಸ್ತೆ ಬರುವುದಿತ್ತು. ರಸ್ತೆಯಿಂದ ಗುಂಪು ಎರಡು ಹೋಳಾದರೆ ಸಮುದ್ರದ ಕಡೆಯ ಮೂವತ್ತು ಪ್ರಾಣಿಗಳ ಗತಿಯೇನು ಎಂಬುದು ಪ್ರಶ್ನೆ. ಮೆದನೊ ಉತ್ತರ ಕೊಟ್ಟಿತ್ತು: ಇಪ್ಪತ್ತೊಂದು ತಲೆಮಾರಿಗೆ ವೈವಿಧ್ಯದ ಅರ್ಧ ಹೋಗುತ್ತದೆ. ಅವುಗಳ ತಲೆಮಾರು ಹೆಚ್ಚುಕಡಿಮೆ ಒಂದು ವರ್ಷ. ಪ್ರಬಂಧ ಅಚ್ಚಾಯಿತು, ಪತ್ರಿಕೆಗಳು 'ಇನ್ನು ಇಪ್ಪತ್ತೊಂದೇ ವರ್ಷ' ಎಂದು ತಲೆಬರಹ ಕೊಟ್ಟವು, ರಸ್ತೆಯವರು ಡಾಂಬರಿನ ಕೆಳಗೆ ಪ್ರಾಣಿಗಳು ದಾಟಲೆಂದು ಮೂರು ಕೊಳವೆ ಹಾಕಿಸಿದರು. ಎಲ್ಬಿಯೊನ ಹೆಸರು ಗೊತ್ತಿದ್ದವರಿಗೆಲ್ಲ ಆ ಇಪ್ಪತ್ತೊಂದು ಗೊತ್ತಿತ್ತು. ಅದು ತಪ್ಪು ಎಂದು ಹನ್ನೆರಡು ದಿನದ ಹಿಂದೆ ಚಿಲಿಯ ವಾಲ್ಡಿವಿಯಾದಿಂದ ರಾಯೆನ್ ಕಾಯುಲ್ ಎಂಬ ಸಂಶೋಧಕಿ ಬರೆದಿದ್ದಳು. ಬಹಳ ಸಭ್ಯವಾದ ಪತ್ರ. ಪ್ರತಿ ಪ್ರಾಣಿಯಲ್ಲೂ ಒಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು ತಂದೆಯದೊಂದು. ಗುಂಪು ಒಟ್ಟಾಗಿರುವಾಗ ಮೆದನೊ ಇದನ್ನು ಸರಿಯಾಗಿಯೇ ಎಣಿಸುತ್ತದೆ, ಆದರೆ ಗುಂಪನ್ನು ಹೋಳು ಮಾಡಿದ ತಕ್ಷಣ ಮೂವತ್ತು ಪ್ರಾಣಿಗಳನ್ನು ಮೂವತ್ತು ಪ್ರತಿಗಳೆಂದು ತಿಳಿಯುತ್ತದೆ, ಅರ್ಥಾತ್ ಹದಿನೈದು ಪ್ರಾಣಿಗಳೆಂದು, ನಾನೇ ಎಲ್ಲೋ ತಪ್ಪಿರಬಹುದು, ದಯವಿಟ್ಟು ನೋಡಿ ಎಂದಿತ್ತು. ಅವಳು ತಪ್ಪಿರಲಿಲ್ಲ. ಅದನ್ನು ಖಚಿತಪಡಿಸಿಕೊಳ್ಳಲು ಎಲ್ಬಿಯೊನಿಗೆ ಹತ್ತು ನಿಮಿಷ ಹಿಡಿಯಿತು. ಇಪ್ಪತ್ತೊಂದಲ್ಲ, ನಲವತ್ತೆರಡು. ಆ ಸಂಖ್ಯೆ ಪರದೆಯ ಮೇಲೆ ಮೂಡಿದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಹಳೆಯ ಪರಿಚಯದವರನ್ನು ಬಸ್ಸಿನಲ್ಲಿ ಕಂಡು ಮುಖ ತಿರುಗಿಸಬೇಕೆನಿಸುವಂತೆ ಆಯಿತು.

ನಲವತ್ತೆರಡು ಎಂದು ಮೊದಲು ಹೇಳಿದವಳು ಅನಾಯಿ ಉಂಪಿಯೆರ್ರೆಸ್. ಒಂಬತ್ತು ವರ್ಷದ ಹಿಂದೆ, ಇದೇ ಮಹಡಿಯಲ್ಲಿ, ಗುರುವಾರದ ಸಭೆಯಲ್ಲಿ. ಅವನ ವಿದ್ಯಾರ್ಥಿನಿ, ಕಡಿಮೆ ಮಾತು, ಉದ್ದನೆಯ ಕೈಗಳು, ಕಂಪ್ಯೂಟರ್ ಹೇಳಿದ್ದನ್ನು ಕಾಗದದಲ್ಲಿ ಮತ್ತೆ ಮಾಡಿ ನೋಡದಿದ್ದರೆ ಸಮಾಧಾನವಿಲ್ಲದವಳು. ಚೌಕುಳಿ ಹಾಳೆಯೊಂದರಲ್ಲಿ ಕೈಯಿಂದ ಲೆಕ್ಕ ಮಾಡಿ ತಂದಿದ್ದಳು. "ಎಲ್ಬಿಯೊ, ನಿನ್ನ ಪ್ರೋಗ್ರಾಂ ಇಪ್ಪತ್ತೊಂದು ಅನ್ನುತ್ತೆ, ನನಗೆ ನಲವತ್ತೆರಡು ಬರ್ತಿದೆ," ಎಂದಿದ್ದಳು. ಪ್ರಬಂಧದ ಕರಡಚ್ಚು ಆಗ ತಾನೇ ತಿದ್ದುಪಡಿಗೆ ಬಂದು ಅವನ ಮೇಜಿನ ಮೇಲಿತ್ತು. ಸರಿಯಾಗಿ ಎರಡು ಪಟ್ಟು ವ್ಯತ್ಯಾಸ ಬಂದರೆ ಯಾರು ಏನು ಮರೆತಿದ್ದಾರೆಂದು ಈ ವಿಷಯದಲ್ಲಿ ಎಲ್ಲರಿಗೂ ಗೊತ್ತು. ಪ್ರಾಣಿಗಳನ್ನು ಎಣಿಸಬೇಕಾದಲ್ಲಿ ಪ್ರತಿಗಳನ್ನೋ, ಪ್ರತಿಗಳನ್ನು ಎಣಿಸಬೇಕಾದಲ್ಲಿ ಪ್ರಾಣಿಗಳನ್ನೋ ಎಣಿಸುವುದು ಮೊದಲ ವರ್ಷದವರ ತಪ್ಪು. ಅವನು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಕೇಳಿದ್ದ: "ಅನಾಯಿ, ನಿನಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರಾ, ಒಬ್ಬರೇನಾ?" ಎಂಟು ಮಂದಿ ನಕ್ಕರು. ಅವಳೂ ನಕ್ಕಳು. ಅವಳನ್ನು ಸಾಕಿದ್ದು ತಾಯಿಯೊಬ್ಬಳೇ, ತಂದೆ ಯಾರೆಂಬುದೇ ಅವಳಿಗೆ ಗೊತ್ತಿಲ್ಲ ಎಂದು ಮರುದಿನ ನಿಬಿಯಾ ಹೇಳಿದಳು, ಬೇಕೆಂದೇ ಥರ್ಮಾಸಿನ ಮುಚ್ಚಳ ತಿರುಗಿಸುತ್ತ, ಅವನ ಮುಖ ನೋಡದೆ. ಆಗಿನಿಂದ ಆ ವಾಕ್ಯ ಅವನೊಳಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಉಳಿದಿತ್ತು. ಷೇವ್ ಮಾಡುವಾಗ, ಬಸ್ಸಿನ ಬ್ರೇಕಿಗೆ ಮುಗ್ಗರಿಸುವಾಗ ಥಟ್ಟನೆ ಬರುತ್ತಿತ್ತು, ಅವನು ಗಟ್ಟಿಯಾಗಿ "ಛೆ" ಎನ್ನುತ್ತಿದ್ದ, ಪಕ್ಕದವರು ತಿರುಗಿ ನೋಡುತ್ತಿದ್ದರು. ನೋಡಲಿ. ತಪ್ಪು ಮಾತಿನದು, ಲೆಕ್ಕದ್ದಲ್ಲ ಎಂಬ ಒಂದು ಸಮಾಧಾನವಾದರೂ ಅವನಿಗೆ ಇತ್ತು. ಅವಳ ಹಾಳೆಯನ್ನು ನೋಡುತ್ತೇನೆಂದು ಇಸಿದುಕೊಂಡಿದ್ದ. ಕರಡಚ್ಚಿನ ಗಡಿಬಿಡಿಯಲ್ಲಿ ನೋಡಲಾಗಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡದೇ ಇದ್ದದ್ದು ಅಹಂಕಾರ ಎನ್ನಬಹುದು, ಮೋಸ ಎನ್ನಲಾಗದು. ಆರು ತಿಂಗಳ ಬಳಿಕ ಅನಾಯಿ ಸಂಶೋಧನೆ ಬಿಟ್ಟು ಹೋದಳು.

ಅವನು ಕಂಪ್ಯೂಟರಿನ ಭಾಷೆಯನ್ನು ಬದಲಾಯಿಸಿ ಪರೀಕ್ಷೆಗಳನ್ನು ಮತ್ತೆ ಓಡಿಸಿದ. ಇನ್ನೂರ ಹನ್ನೊಂದು. ಒಂದು ಇನ್ನೂ ಬಾಕಿ. ಆ ಒಂದು ಯಾವುದೆಂದು ತೆರೆದು ನೋಡಿದವನಿಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅದನ್ನು ಬರೆದವನು ಅವನೇ: ಮೂವತ್ತು ಪ್ರಾಣಿಗಳ ಹೋಳಿನಲ್ಲಿ ಉತ್ತರ ಇಪ್ಪತ್ತೊಂದು ಬರಬೇಕು, ಬರದಿದ್ದರೆ ಪ್ರೋಗ್ರಾಂ ಕೆಟ್ಟಿದೆ ಎಂದು ತಿಳಿಯಬೇಕು. ತಪ್ಪನ್ನು ಕಾಯಲು ಅವನೇ ನೇಮಿಸಿದ ಕಾವಲುಗಾರ, ಒಂಬತ್ತು ವರ್ಷ ನಿಷ್ಠೆಯಿಂದ ಕಾದಿದ್ದ. ಇಪ್ಪತ್ತೊಂದನ್ನು ಅಳಿಸಿ ನಲವತ್ತೆರಡು ಎಂದು ಬರೆಯಲು ಅವನ ಬೆರಳು ಎರಡು ಸಲ ತಪ್ಪಿತು, ಚಳಿಗೆ. ಇನ್ನೂರ ಹನ್ನೆರಡೂ ಪಾಸಾದವು. ಇನ್ನು ಟಿಪ್ಪಣಿ ಮಾತ್ರ.

ಟಿಪ್ಪಣಿಯಲ್ಲಿ ತೊಂದರೆ ಇದ್ದದ್ದು ಮೂರನೆಯ ಅಂಕಿಯದು. ಆವೃತ್ತಿಯ ಸಂಖ್ಯೆಗೆ ಅವನೇ ಮಾಡಿದ ನಿಯಮ ಕೈಪಿಡಿಯ ಎರಡನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು: ಬಳಸುವವರಿಗೆ ಬರುವ ಉತ್ತರ ಬದಲಾಗುವಂತಿದ್ದರೆ ಎರಡನೆಯ ಅಂಕಿ ಏರಬೇಕು, ಉತ್ತರ ಬದಲಾಗದ ಸಣ್ಣಪುಟ್ಟ ರಿಪೇರಿಗೆ ಮೂರನೆಯದು. ಎರಡನೆಯ ಅಂಕಿ ಏರಿದರೆ ಬಳಸುವವರು ನಿಂತು ಏನಾಯಿತು ಎಂದು ಓದುತ್ತಾರೆ, ಹಳೆಯ ಲೆಕ್ಕಗಳನ್ನು ಮತ್ತೆ ಮಾಡುತ್ತಾರೆ. ಮೂರನೆಯದು ಏರಿದರೆ ಯಾರೂ ಓದುವುದಿಲ್ಲ. ಕಳೆದ ಹನ್ನೆರಡು ದಿನಗಳಿಂದ ಎಲ್ಬಿಯೊ ತನ್ನೊಳಗೆ ವಾದ ಹೂಡಿದ್ದ. ಗುಂಪನ್ನು ಹೋಳು ಮಾಡುವ ಸೌಲಭ್ಯವನ್ನು ಬಳಸುವವರೇ ಕಡಿಮೆ. ಬದಲಾದದ್ದು ಒಂದೇ ಸಾಲು. ಒಳ್ಳೆಯದೇ ಆಗಿದೆಯಲ್ಲ, ಇಪ್ಪತ್ತೊಂದು ಎಂದದ್ದಕ್ಕೆ ತಾನೆ ಕೊಳವೆಗಳು ಬಂದದ್ದು, ನಲವತ್ತೆರಡು ಎಂದಿದ್ದರೆ ರಸ್ತೆ ಇಲಾಖೆಯ ಮನುಷ್ಯ ನಮ್ಮ ಮೊಮ್ಮಕ್ಕಳು ನೋಡಿಕೊಳ್ಳಲಿ ಎನ್ನುತ್ತಿದ್ದ. ಕೊಳವೆಗಳಲ್ಲಿ ತುಕೊತುಕೊಗಳು ಓಡಾಡುತ್ತವೆಯೋ ಇಲ್ಲವೋ ಯಾರೂ ನೋಡಿಲ್ಲ ಎಂಬುದು ಬೇರೆ ಮಾತು. ಒಮ್ಮೆ ಅವನೇ ಹೋಗಿ ಬಗ್ಗಿ ನೋಡಿದಾಗ ಒಳಗೆ ಒಂದು ಮಗುವಿನ ಚಪ್ಪಲಿಯೂ ಅರ್ಧ ಕೊಳವೆ ಮರಳೂ ಇದ್ದವು. ಹೀಗೆ ಪ್ರತಿ ವಾದವೂ ಒಂದು ಹಂತಕ್ಕೆ ಹೋಗಿ ತಾನಾಗಿಯೇ ಕುಸಿಯುತ್ತಿತ್ತು. ಕುಸಿದದ್ದನ್ನು ಅವನೇ ಮತ್ತೆ ಎತ್ತಿ ನಿಲ್ಲಿಸುತ್ತಿದ್ದ. ಕೊನೆಯ ಸಾಲು ಇನ್ನೊಂದು ಕಿರಿಕಿರಿ. ತಪ್ಪನ್ನು ಮೊದಲು ತೋರಿಸಿದವರಿಗೆ ಟಿಪ್ಪಣಿಯ ಕೊನೆಯಲ್ಲಿ ಹೆಸರು ಹೇಳಿ ಧನ್ಯವಾದ ಹೇಳುವುದು ಈ ಕೆಲಸದವರ ರೂಢಿ. 'ರಾಯೆನ್ ಕಾಯುಲ್ ಅವರಿಗೆ ಧನ್ಯವಾದ' ಎಂದು ಬರೆದ. 'ಮೊದಲು ತೋರಿಸಿದವರಿಗೆ' ಎಂಬ ರೂಢಿಯ ಮಾತು ಅವನನ್ನೇ ನೋಡುತ್ತ ಕುಳಿತಿತ್ತು. ಅವನು ಎದ್ದು ಕಾರಿಡಾರಿನ ತುದಿಗೆ ಹೋದ.

"ಅನಾಯಿ ನಂಬರ್ ಇದೆಯಾ ನಿನ್ನ ಹತ್ರ?"

ನಿಬಿಯಾ ಗಾಜಿನ ನಳಿಕೆಗಳ ಪೆಟ್ಟಿಗೆಯ ಮೇಲೆ ಕೂತು ಬೆಣ್ಣೆಯ ಬಿಸ್ಕೋಚೊ ಬನ್ನು ತಿನ್ನುತ್ತಿದ್ದಳು. ಬೆರಳಿಗಂಟಿದ ಸಕ್ಕರೆ ನೆಕ್ಕಿದಳು.

"ಯಾವ ಅನಾಯಿ?"

"ಗೊತ್ತಿದ್ದೂ ಕೇಳಬೇಡ."

"ಆ ಹುಡುಗಿ ಅತ್ತಿದ್ದು ಈ ಪೆಟ್ಟಿಗೆ ಮೇಲೇ ಕೂತು. ಒಂಬತ್ತು ವರ್ಷ ಆಯ್ತು. ಪ್ರತಿ ಹೊಸ ವರ್ಷಕ್ಕೆ ನನಗೆ ಫೋನ್ ಮಾಡ್ತಾಳೆ. ಒಂದು ಸಲಾನೂ ನಿನ್ನ ವಿಷಯ ಎತ್ತಿಲ್ಲ, ನಾನೂ ಎತ್ತಿಲ್ಲ. ಈಗೇನು ಬಂತು ನಿನಗೆ?"

"ಅವಳು ಹೇಳಿದ್ದೇ ಸರಿ ಇತ್ತು. ಆ ಲೆಕ್ಕ."

ನಿಬಿಯಾ ಟೋಪಿಯನ್ನು ಕಿವಿಯ ಮೇಲಕ್ಕೆ ಎತ್ತಿದಳು, ಸರಿಯಾಗಿ ಕೇಳಿಸಲಿಲ್ಲವೆಂಬಂತೆ. ಆಮೇಲೆ ಫೋನ್ ತೆಗೆದು ನಂಬರ್ ಓದಿದಳು, ನಿಧಾನವಾಗಿ, ಎರಡೆರಡು ಅಂಕಿಗಳಾಗಿ. "ಲಸ್ಕಾನೊದಲ್ಲಿದ್ದಾಳೆ. ಅಕ್ಕಿ ಗಿರಣಿ. ಅಲ್ಲಿನ ಲ್ಯಾಬ್ ಪೂರ್ತಿ ಅವಳ ಕೈಲಿದೆ," ಎಂದು, "ತಮಾಷೆ ಗಿಮಾಷೆ ಮಾಡೋಕೆ ಹೋಗಬೇಡ ಮಾರಾಯ. ನಿನಗೆ ಅದು ಬರಲ್ಲ," ಎಂದಳು.

ಅವನು ಕೋಣೆಗೆ ಮರಳಿ ಕರೆ ಮಾಡಿದ. ಅತ್ತ ಫೋನ್ ಎತ್ತಿದಾಗ ಹಿಂದೆ ದೊಡ್ಡ ಯಂತ್ರವೊಂದು ಜರಡಿ ಆಡಿಸುವ ಸದ್ದಿತ್ತು.

"ಹಲೋ, ಯಾರು?"

"ಅನಾಯಿ, ನಾನು ಎಲ್ಬಿಯೊ. ಮೊಂಟೆವಿಡಿಯೊದಿಂದ."

"ಯಾವ ಎಲ್ಬಿಯೊ? ಲಾರಿಯವರಾ? ನಾಳೆ ಬೆಳಿಗ್ಗೆಗೆ ಮುಂಚೆ ಆಗಲ್ಲ ಅಂತ ಹೇಳಿದ್ದೆನಲ್ಲ."

"ಲಾರಿ ಅಲ್ಲ. ಪಾಸ್ತೊರಿನೊ."

ಜರಡಿಯ ಸದ್ದು ಹಾಗೇ ಇತ್ತು. ಒಂದು ಬಾಗಿಲು ಮುಚ್ಚಿತು, ಸದ್ದು ಸಣ್ಣದಾಯಿತು.

"ಓ. ಹೇಳಿ. ಚೆನ್ನಾಗಿದೀರಾ?"

ಆ ಬಹುವಚನಕ್ಕೆ ಅವನು ಸಿದ್ಧನಾಗಿರಲಿಲ್ಲ. ಅವರ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರನ್ನೂ ನೀನು ಎಂದೇ ಮಾತಾಡಿಸುವುದು. ಅವಳು ಮೊದಲ ದಿನದಿಂದ ಹಾಗೇ ಕರೆದಿದ್ದಳು. ನೀವು ಎನ್ನುವುದು ಪೊಲೀಸರಿಗೆ, ವೈದ್ಯರಿಗೆ, ಬಾಡಿಗೆ ಮನೆಯ ಮಾಲೀಕರಿಗೆ. ಅವನು ಬಡಬಡನೆ ಎಲ್ಲವನ್ನೂ ಹೇಳಿದ, ವಾಲ್ಡಿವಿಯಾದ ಪತ್ರ, ಹೋಳಾದ ಗುಂಪು, ಬಿಟ್ಟುಹೋಗಿದ್ದ ಎರಡು. ವಿವರಿಸುವಾಗ ತನ್ನ ದನಿ ಪಾಠ ಹೇಳುವವನದಾಗಿದೆ ಎಂದು ಗೊತ್ತಾದರೂ ಅದನ್ನು ಬದಲಿಸಲಾಗಲಿಲ್ಲ.

"ಅಂದ್ರೆ ನಲವತ್ತೆರಡು," ಎಂದಳು ಅನಾಯಿ.

"ನಲವತ್ತೆರಡು."

"ಹೂಂ." ಯಾರಿಗೋ ಅತ್ತ ತಿರುಗಿ, "ಎರಡನೇ ಗಾಡಿದು ತೇವ ಜಾಸ್ತಿ ಇದೆ, ಇಳಿಸ್ಬೇಡ್ರಿ ಅಂತ ಹೇಳು," ಎಂದು ಕೂಗಿ ಮತ್ತೆ ಬಂದಳು. "ಇಲ್ಲಿ ನುಚ್ಚನ್ನ ಇಡೀ ಕಾಳು ಅಂತ ಎಣಿಸಿದ್ರೆ ಮಾರನೇ ದಿನವೇ ಲಾರಿ ವಾಪಸ್ ಬರುತ್ತೆ. ನೀವು ಇಡೀ ಕಾಳನ್ನ ನುಚ್ಚು ಅಂತ ಎಣಿಸಿದ್ರಿ. ಯಾರೂ ವಾಪಸ್ ಕಳಿಸಲಿಲ್ಲ, ಅಲ್ವಾ?"

"ಇಲ್ಲ."

"ಅದೃಷ್ಟ."

"ಅನಾಯಿ, ಆವತ್ತು ನಾನು ಹಾಗೆ ಮಾತಾಡಬಾರದಿತ್ತು. ಅಪ್ಪ ಅಮ್ಮ ಅಂತ. ನಿನ್ನ ಮನೆ ವಿಷಯ ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅದು ನನ್ನನ್ನ..."

"ಅದಾ?" ಅವಳ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಅದು ತಮಾಷೆ ಅಲ್ವಾ? ನಾನೂ ನಕ್ಕಿದ್ದೆ. ನಮ್ಮಮ್ಮನಿಗೆ ಹೇಳಿದ್ದೆ, ಅವಳೂ ನಕ್ಕಳು. ನನಗೆ ಅದು ಮರೆತೇಹೋಗಿತ್ತು."

ಎಲ್ಬಿಯೊ ಒಂಬತ್ತು ವರ್ಷ ಜೋಪಾನವಾಗಿ ಹೊತ್ತು ತಂದದ್ದನ್ನು ಬಾಗಿಲಲ್ಲಿ ಇಳಿಸಿದರೆ ಮನೆಯವರು ಇದು ನಮ್ಮದಲ್ಲ ಅನ್ನುತ್ತಿದ್ದರು.

"ಹಾಳೆ," ಎಂದಳು ಅನಾಯಿ. "ನನ್ನ ಲೆಕ್ಕದ ಹಾಳೆ. ನೋಡ್ತೀನಿ ಅಂತ ಇಸ್ಕೊಂಡ್ರಲ್ಲ. ಮೂರು ಸಲ ವಾಪಸ್ ಕೇಳಿದ್ದೆ. ಮೂರನೇ ಸಲ ಕಳೆದುಹೋಯ್ತು ಅಂದ್ರಿ. ನನಗೆ ಅದು ಯಾಕೆ ಬೇಕಿತ್ತು ಗೊತ್ತಾ? ಎಲ್ಲಿ ತಪ್ಪಿದೀನಿ ಅಂತ ಹುಡುಕೋಕೆ. ಮತ್ತೆ ಬರೆದು ನೋಡಿದೆ, ಮತ್ತೆ ನಲವತ್ತೆರಡೇ ಬಂತು. ಮೊದಲನೇದರಲ್ಲಿ ನೀವು ತಪ್ಪು ಕಂಡಿರ್ತೀರ, ಎರಡನೇ ಸಲ ಬರೆಯುವಾಗ ನಾನು ಅದೇ ತಪ್ಪನ್ನೇ ಮಾಡ್ತಿರ್ತೀನಿ, ಹಾಳೆ ಸಿಕ್ಕಿದ್ರೆ ಕಾಣುತ್ತೆ ಅಂದ್ಕೊಂಡೆ. ಆಮೇಲೆ ತಲೆ ಕೆಟ್ಟುಹೋಯ್ತು. ಎರಡರಿಂದ ಗುಣಿಸೋದೇ ನನಗೆ ಬರಲ್ಲ ಅನ್ನಿಸಿಬಿಡ್ತು. ಬಿಟ್ಟೆ."

"ಟಿಪ್ಪಣಿಯಲ್ಲಿ ನಿನ್ನ ಹೆಸರು ಹಾಕ್ತೀನಿ. ಮೊದಲು ತೋರಿಸಿದ್ದು ಇವಳೇ ಅಂತ."

"ಬೇಡಪ್ಪಾ. ಈಗ ಆ ಹೆಸರಿಟ್ಕೊಂಡು ನಾನೇನು ಮಾಡ್ಲಿ? ಇಲ್ಲಿ ಯಾರಿಗೆ ತೋರಿಸ್ಲಿ?" ಹಾಗೆಂದವಳೇ ಕೇಳಿದಳು: "ಯಾವ ಅಂಕಿ ಏರಿಸ್ತಿದೀರಾ? ಎರಡನೇದಾ, ಮೂರನೇದಾ?"

ಅವನು ಪರದೆಯ ಕಡೆ ನೋಡಿದ. "ಇನ್ನೂ ನಿರ್ಧಾರ ಮಾಡಿಲ್ಲ."

"ಕೈಪಿಡಿಯ ಆ ನಿಯಮದ ಪುಟ ಟೈಪ್ ಮಾಡಿದ್ದು ನಾನೇ," ಎಂದಳು ಅನಾಯಿ. "ದಪ್ಪ ಅಕ್ಷರದಲ್ಲಿ ಹಾಕು ಅಂದಿದ್ದು ನೀವು. ಹಾಳೆ ಇದ್ರೆ ಕಳಿಸಿ. ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಿದ್ರೆ ಸಾಕು, ಗಿರಣಿ ಅಂತ ಬರೆದ್ರೆ ನನಗೆ ತಲುಪುತ್ತೆ. ಒಂದು ಸಲ ನೋಡಬೇಕು, ಅಷ್ಟೇ."

"ಹುಡುಕ್ತೀನಿ," ಎಂದ ಎಲ್ಬಿಯೊ.

ಹುಡುಕುವುದೇನೂ ಇರಲಿಲ್ಲ. ಎಡಗಡೆಯ ಕೆಳಗಿನ ಖಾನೆಯಲ್ಲಿ, ಹಳೆಯ ಕರಡಚ್ಚಿನ ಕಟ್ಟಿನೊಳಗೆ ಅದು ಇತ್ತು. ಕಳೆದುಹೋಯಿತು ಎಂದಾಗಲೂ ಇತ್ತು. ಈ ಒಂಬತ್ತು ವರ್ಷದಲ್ಲಿ ಎರಡು ಸಲ ಕೋಣೆ ಬದಲಾದಾಗಲೂ ಆ ಕಟ್ಟನ್ನು ಅವನೇ ಎತ್ತಿ ತಂದಿದ್ದ, ನಿಬಿಯಾಳ ಕೈಗೆ ಕೊಟ್ಟಿರಲಿಲ್ಲ. ಖಾನೆ ಅರ್ಧಕ್ಕೆ ಸಿಕ್ಕಿಕೊಂಡಿತು. ಕಾಲಿನಿಂದ ಒದ್ದ, ಮೊಣಕಾಲೂರಿ ಎಳೆದ, ಒಳಗಿದ್ದ ಮಾಟೆಪುಡಿಯ ಪೊಟ್ಟಣ ಒಡೆದು ಹಸಿರು ಧೂಳು ಪ್ಯಾಂಟಿನ ಮೇಲೆ ಚೆಲ್ಲಿತು. ಶಪಿಸುತ್ತ ಕಟ್ಟು ಬಿಚ್ಚಿದ. ಚೌಕುಳಿ ಹಾಳೆ ಅಂಚಿನಲ್ಲಿ ಹಳದಿಯಾಗಿತ್ತು. ನೀಲಿ ಶಾಯಿಯಲ್ಲಿ ಅವಳ ನೆಟ್ಟನೆಯ ಅಂಕಿಗಳು ಮೇಲಿನಿಂದ ಕೆಳಕ್ಕೆ, ಎಲ್ಲೂ ಹೊಡೆದು ತಿದ್ದದೆ, ಇಳಿದು ಬಂದು ನಲವತ್ತೆರಡಕ್ಕೆ ನಿಂತಿದ್ದವು. ನಲವತ್ತೆರಡರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತಿತ್ತು. ಬಾಲ ಉದ್ದವಾದ ಸರಿ ಗುರುತು, ಅದರ ಕೆಳಗೆ ಒಂದು ಚುಕ್ಕಿ. ಎಲ್ಬಿಯೊ ಅದನ್ನು ನೋಡಿದ. ವಿದ್ಯಾರ್ಥಿಗಳಿಗೆಲ್ಲ ಗೊತ್ತಿದ್ದ ಗುರುತು. ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಅವನೇ ಹೇಳುತ್ತಿದ್ದ: ಬರೀ ಗೆರೆ ಇದ್ದರೆ ಓದಿದ್ದೇನೆ ಅಂತ, ಕೆಳಗೆ ಚುಕ್ಕಿ ಇದ್ದರೆ ಕೂತು ನಾನೇ ಮತ್ತೊಮ್ಮೆ ಲೆಕ್ಕ ಮಾಡಿ ಸರಿ ಇದೆ ಎಂದು ಖಚಿತ ಮಾಡಿಕೊಂಡಿದ್ದೇನೆ ಅಂತ. ಹಾಳೆ ತಿರುಗಿಸಿದ. ಹಿಂಬದಿಯಲ್ಲಿ, ಮೂಲೆಯಲ್ಲಿ, ಅವನದೇ ಕೈಬರಹದ ಐದು ಸಾಲಿನ ಲೆಕ್ಕ.

ಅವನು ನೋಡಿದ್ದ. ಆ ಸಂಜೆ ಬೇಸಿಗೆಯದು, ಕಿಟಕಿ ತೆರೆದಿತ್ತು, ಕೆಳಗಿನ ಅಂಗಳದಲ್ಲಿ ಯಾರೋ ಡೋಲು ಬಾರಿಸಿ ಅಭ್ಯಾಸ ಮಾಡುತ್ತಿದ್ದರು, ಒಂದೇ ಬಡಿತವನ್ನು ಮತ್ತೆ ಮತ್ತೆ ತಪ್ಪಿ. ಅದೆಲ್ಲ ಈಗ ಸ್ಪಷ್ಟವಾಗಿ ಬಂತು, ಕರೆಯದೆ ಬಂದಂತೆ. ಡೋಲಿನವನ ಮೇಲೆ ರೇಗುತ್ತಲೇ ಐದು ಸಾಲು ಬರೆದಿದ್ದ, ಚುಕ್ಕಿ ಇಟ್ಟಿದ್ದ, ಆಮೇಲೆ ಕರಡಚ್ಚಿನ ಮೊದಲ ಪುಟದಲ್ಲಿದ್ದ ಇಪ್ಪತ್ತೊಂದನ್ನು ನೋಡಿದ್ದ, ಕಿಟಕಿ ಮುಚ್ಚಿದ್ದ. ಕಿಟಕಿ ಮುಚ್ಚಿದ್ದು ಕೂಡ ನೆನಪಿತ್ತು. ನೆನಪಿಲ್ಲದೇ ಇದ್ದದ್ದು ನಡುವಿನ ಒಂದು ಸಂಗತಿ ಮಾತ್ರ, ಅವಳದೇ ಸರಿ ಎಂದು ತಾನು ಕಂಡುಕೊಂಡದ್ದು, ಮತ್ತು ಆ ಜಾಗದಲ್ಲಿ ಅವನು ಇಷ್ಟು ವರ್ಷ ಆ ತಮಾಷೆಯನ್ನು ಇಟ್ಟುಕೊಂಡು, ಅದರಿಂದ ಚುಚ್ಚಿಸಿಕೊಂಡು, ತನ್ನನ್ನು ಸೂಕ್ಷ್ಮ ಮನಸ್ಸಿನವನೆಂದು ತಿಳಿದಿದ್ದ.

ಮೇಜಿನ ಮೇಲೆ ರಬ್ಬರ್ ಇತ್ತು. ಅದನ್ನು ಕೈಗೆತ್ತಿಕೊಂಡದ್ದು ಅವನಿಗೆ ಮೊದಲು ಗೊತ್ತಾಗಲಿಲ್ಲ. ಹಿಂಬದಿಯ ಲೆಕ್ಕದ ಕೊನೆಯ ಸಾಲನ್ನು ಸ್ವಲ್ಪ ಉಜ್ಜಿ ನೋಡಿದ. ಹಳೆಯ ಪೆನ್ಸಿಲು, ಸುಲಭವಾಗಿ ಹೋಯಿತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಅಂಕಿಗಳು ಹೋಗಿದ್ದವು, ಅವುಗಳ ತಗ್ಗು ಹೋಗಿರಲಿಲ್ಲ. ಅವನು ಯಾವಾಗಲೂ ಒತ್ತಿ ಬರೆಯುವವನು. ರಬ್ಬರನ್ನು ಕೆಳಗಿಟ್ಟ. ತಗ್ಗು ಕಾಣುತ್ತದೆಂದು ಬಿಟ್ಟೆನೋ, ಕಾಣದಿದ್ದರೂ ಬಿಡುತ್ತಿದ್ದೆನೋ ಎಂಬ ಪ್ರಶ್ನೆ ಎದ್ದಾಗ ಅವನಿಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಉತ್ತರ ಹುಡುಕುವ ಬದಲು ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತ.

4.1.3 ಎಂಬುದನ್ನು ಅಳಿಸಿ 4.2.0 ಎಂದು ಬರೆದ. 'ಸಣ್ಣ ತಿದ್ದುಪಡಿ' ಎಂಬುದನ್ನು ತೆಗೆದ. ಹೋಳಾದ ಗುಂಪುಗಳ ಉತ್ತರಗಳೆಲ್ಲ ಬದಲಾಗುತ್ತವೆ, ಹಳೆಯ ಲೆಕ್ಕಗಳನ್ನು ಮತ್ತೆ ಮಾಡಬೇಕು, ತುಕೊತುಕೊ ಪ್ರಬಂಧದ ಇಪ್ಪತ್ತೊಂದು ತಪ್ಪು, ಸರಿಯಾದ ಸಂಖ್ಯೆ ನಲವತ್ತೆರಡು ಎಂದು ಒಂದೊಂದಾಗಿ ಹಾಕಿದ. ರಾಯೆನ್ ಕಾಯುಲ್‌ಗೆ ಧನ್ಯವಾದವನ್ನು ಹಾಗೇ ಉಳಿಸಿದ. ಕೆಳಗೆ ಬರೆದ: 'ಇದನ್ನು ಒಂಬತ್ತು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಕೈಲೆಕ್ಕದಿಂದ ತೋರಿಸಿದ್ದರು, ಆಗ ತಿದ್ದಲಾಗಲಿಲ್ಲ.' ಓದಿ ನೋಡಿದ. ಕೊನೆಯ ಕ್ರಿಯಾಪದಕ್ಕೆ ಕರ್ತೃ ಇರಲಿಲ್ಲ. ತಿದ್ದಬೇಕಾದವನು ವಾಕ್ಯದಿಂದ ಹಿಂಬಾಗಿಲಲ್ಲಿ ಹೊರಟುಹೋಗಿದ್ದ. 'ಆಗ ನಾನು ತಿದ್ದಲಿಲ್ಲ' ಎಂದು ಮಾಡಿದ. ಅದರ ಹಿಂದೆ ಗೊತ್ತಿದ್ದೂ ಎಂಬ ಮಾತನ್ನು ಬರೆದ, ಅಳಿಸಿದ, ಮತ್ತೆ ಬರೆದ, ಹತ್ತು ನಿಮಿಷ ನೋಡುತ್ತ ಕೂತು ಮತ್ತೆ ಅಳಿಸಿದ. ಅಷ್ಟು ಅವನ ಕೈಲಾಗಲಿಲ್ಲ. ಬಿಡುಗಡೆಯ ಗುಂಡಿ ಒತ್ತಿದ. ನಾಲ್ಕು ನಿಮಿಷದಲ್ಲಿ ಮೊದಲ ಪತ್ರ ಬಂತು, ಬ್ರೆಜಿಲಿನ ಯಾರದೋ: ಎರಡು ವರ್ಷದ ಕೆಲಸ ಮತ್ತೆ ಮಾಡಬೇಕಲ್ಲ, ಇದೇನು ಹುಡುಗಾಟವೇ? ಹುಡುಗಾಟವಲ್ಲ, ಎಂದು ಗಟ್ಟಿಯಾಗಿ ಹೇಳಿದ, ಖಾಲಿ ಕೋಣೆಗೆ.

"ಮುಗೀತಾ ಸಣ್ಣ ಕೆಲಸ?" ಎಂದು ನಿಬಿಯಾ ಬಾಗಿಲಲ್ಲಿ ನಿಂತಿದ್ದಳು. ಅವನ ಪ್ಯಾಂಟಿನ ಮೇಲಿನ ಹಸಿರು ಧೂಳು ನೋಡಿದಳು, ತೆರೆದ ಖಾನೆ ನೋಡಿದಳು, ಹಾಳೆ ನೋಡಿದಳು. ಅದು ಏನೆಂದು ಅವಳಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. "ಕಳೆದುಹೋಗಿತ್ತಲ್ಲ ಅದು?"

"ಇಲ್ಲ."

ಅವಳು ಬುರುಡೆಗೆ ನೀರು ಬಗ್ಗಿಸಿದಳು. ಈ ಸಲ ಅವನ ಕಡೆ ಚಾಚಲಿಲ್ಲ, ತಾನೇ ಕುಡಿದಳು, ಹೀರುವ ಕೊಳವೆ ಗೊರಗುಟ್ಟುವವರೆಗೆ.

ಬಸ್ ನಿಲ್ದಾಣದ ಪಾರ್ಸೆಲ್ ಕಿಟಕಿಯಲ್ಲಿ ಮುಂದೆ ಆರು ಜನರಿದ್ದರು. ಒಬ್ಬನ ಕೈಯಲ್ಲಿ ಟ್ರಾಕ್ಟರಿನ ಚಕ್ರದ ಟ್ಯೂಬು, ಒಬ್ಬಾಕೆಯ ತೋಳಲ್ಲಿ ಹೊಲಿಗೆ ಯಂತ್ರ. ಸಂಜೆ ಐದಕ್ಕೇ ಹೊರಗೆ ಬೆಳಕು ಇಳಿಯುತ್ತಿತ್ತು. ಎಲ್ಬಿಯೊ ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ಲಕೋಟೆಗೆ ಹಾಕಿದ್ದ. ಅದರ ಮೇಲೆ ವಿಳಾಸ ಮೂರು ಸಾಲು: ಅನಾಯಿ ಉಂಪಿಯೆರ್ರೆಸ್, ಅಕ್ಕಿ ಗಿರಣಿ, ಲಸ್ಕಾನೊ. ನಾಳೆ ಬೆಳಿಗ್ಗೆ, ಮೊದಲ ಲಾರಿಗೆ ಮುಂಚೆ, ಅವಳ ಕೈ ಸೇರುತ್ತದೆ. ಗುರುತಿನ ಅರ್ಥ ಅವಳಿಗೆ ಗೊತ್ತು. ಅವಳೂ ಆ ಮೊದಲ ತರಗತಿಯಲ್ಲಿ ಕೂತಿದ್ದವಳೇ.

ಕಿಟಕಿಯ ಹಿಂದಿನ ಮನುಷ್ಯ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟ. ಮುಳ್ಳು ಅಲುಗಲಿಲ್ಲ.

"ಏನೂ ತೂಕಾನೇ ಇಲ್ಲವಲ್ಲ. ಅರ್ಧ ಕಿಲೋ ಅಂತ ಹಾಕ್ತೀನಿ."

"ಅರ್ಧ ಅಲ್ಲ ಅದು," ಎಂದ ಎಲ್ಬಿಯೊ, ಬೇಕಾದುದಕ್ಕಿಂತ ಜೋರಾಗಿ. ಹೊಲಿಗೆ ಯಂತ್ರದವಳು ತಿರುಗಿ ನೋಡಿದಳು.

"ಯಜಮಾನ್ರೇ, ಅರ್ಧಕ್ಕಿಂತ ಕಡಿಮೆ ಈ ಚೀಟಿಯಲ್ಲಿ ಇಲ್ಲ. ನಾನೇನು ಮಾಡ್ಲಿ? ಒಳಗೇನಿದೆ?"

"ಒಂದು ಹಾಳೆ."

"ಒಂದೇನಾ? ಇದಕ್ಕೆ ಇಷ್ಟು ರಟ್ಟಾ?" ಅವನು ಚೀಟಿ ತುಂಬುತ್ತ, ತಲೆ ಎತ್ತದೆ ಕೇಳಿದ: "ಜೊತೆಗೆ ಕಾಗದ ಗೀಗದ ಏನಾದ್ರೂ ಬರೆದಿದೀರಾ? ಇದ್ರೆ ಬೇರೆ ಸಾಲಲ್ಲಿ ತೋರಿಸಬೇಕು."

"ಬೇರೆ ಇಲ್ಲ," ಎಂದ ಎಲ್ಬಿಯೊ. "ಅದರಲ್ಲೇ ಬರೆದಿದೆ."